ಬೇಲಾ ಲುಗೋಸಿ ತೀರಿಕೊಂಡಿದ್ದು ಶೂಟಿಂಗ್ ಮಧ್ಯೆ ಅಲ್ಲ

'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಅನ್ನೋ ಕಡಿಮೆ ಖರ್ಚಿನ ಅಮೆರಿಕನ್ ಹಾರರ್ ಸಿನಿಮಾದ ಶೂಟಿಂಗ್ ನಡೆಯುತ್ತಿರುವಾಗಲೇ, ಡ್ರಾಕುಲಾ ಪಾತ್ರದಿಂದ ಹೆಸರಾದ ನಟ ಬೇಲಾ ಲುಗೋಸಿ ತೀರಿಕೊಂಡರು ಅನ್ನೋ ಮಾತು ಮತ್ತೆ ಓಡಾಡುತ್ತಿದೆ. ಹಾಗಲ್ಲ. ಅವರು ಹೋಗಿದ್ದು 1956ರ ಆಗಸ್ಟ್‌ನಲ್ಲಿ, ಈ ಸಿನಿಮಾ ಶುರುವಾಗುವ ಮೊದಲೇ. ನಿರ್ದೇಶಕ ಎಡ್ ವುಡ್ ಬೇರೆ ಯಾವುದಕ್ಕೋ ಅಂತ ತೆಗೆದಿಟ್ಟಿದ್ದ, ಲುಗೋಸಿ ಇರುವ, ಮಾತಿಲ್ಲದ ಕೆಲವು ತುಣುಕುಗಳನ್ನು ಇದರೊಳಗೆ ತುರುಕಿದರು. ಉಳಿದ ಕಡೆ ಲುಗೋಸಿ ಬದಲಿಗೆ ಬರೋದು ವುಡ್ ಹೆಂಡತಿಯ ಕೈರೋಪ್ರಾಕ್ಟರ್ (ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡುವವರು) ಟಾಮ್ ಮೇಸನ್. ಲುಗೋಸಿಗಿಂತ ಎತ್ತರ, ಮುಖವೂ ಬೇರೆ, ಅದಕ್ಕೇ ಪಾಪ ಕಪ್ಪು ಕೇಪನ್ನು ಮೂಗಿನವರೆಗೆ ಎತ್ತಿ ಹಿಡಿದುಕೊಂಡೇ ಓಡಾಡುತ್ತಾರೆ. ಕೈ ನೋಯಲ್ವಾ ಅನ್ನಿಸುತ್ತೆ! ನನಗಂತೂ ಭಯಕ್ಕಿಂತ ಈ ಹಟವನ್ನು ನೋಡೋದೇ ಜಾಸ್ತಿ ಮಜಾ.

ಹಾಗೇ, ಇಂಥ ಸಿನಿಮಾಗಳನ್ನು 'ಬಿ ಸಿನಿಮಾ' ಅಂತಾರಲ್ಲ, ಅದರಲ್ಲಿ 'ಬಿ' ಅಂದರೆ ಕಳಪೆ ದರ್ಜೆ ಅಂತಲೂ ಅಲ್ಲ. 1930ರ ದಶಕದ ಅಮೆರಿಕದಲ್ಲಿ ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವಾಗ, ಕಡಿಮೆ ಖರ್ಚಿನದಕ್ಕೆ ಇಟ್ಟ ಹೆಸರು ಅದು.