ನಮ್ಮ ದೊಡ್ಡಮ್ಮನ ಕೋಳಿಗಳಿಗೆ ರಕ್ತಹೀನತೆ ಇಲ್ಲ

ಭಾನುವಾರ ಊರಿಗೆ ಹೋಗಿದ್ದೆ. ಸುಮ್ನೆ ಎರಡು ಹೊತ್ತು ಮುದ್ದೆ ಉಂಡು ಬರಬೇಕಿತ್ತು, ತಲೆ ಕೆಡಿಸಿಕೊಂಡು ಬಂದಿದ್ದೇನೆ.

ದೊಡ್ಡಮ್ಮ ಜಗಲಿ ಮೇಲೆ ಮೊರ ಇಟ್ಟುಕೊಂಡು ಸೊಸೈಟಿ ಅಕ್ಕಿ ಹಸನು ಮಾಡುತ್ತಿದ್ದಳು. ಕಲ್ಲು, ನೆಲ್ಲು ಒಂದು ಕಡೆ. ಇನ್ನೊಂದು ಥರದ ಕಾಳನ್ನು ಆರಿಸಿ ಆರಿಸಿ ಅಂಗಳಕ್ಕೆ ಎಸೆಯುತ್ತಿದ್ದಳು. ಕೋಳಿಗಳು ಸರದಿಯಲ್ಲಿ ನಿಂತಿದ್ದವು. ಏನದು ಅಂತ ನೋಡಿದರೆ, ಉಳಿದ ಅಕ್ಕಿಗಿಂತ ಕೊಂಚ ಬೇರೆ ಬಣ್ಣದ, ನಯವಾದ ಕಾಳು.

"ದೊಡ್ಡಮ್ಮ, ಅದನ್ಯಾಕೆ ಎಸೀತಿದೀಯ?"

"ಪ್ಲಾಸ್ಟಿಕ್ ಅಕ್ಕಿ ಕಣೇ ಅದು. ನೀರಿಗೆ ಹಾಕಿದ್ರೆ ತೇಲ್ತದೆ. ವಾಟ್ಸಾಪ್‌ನಾಗೆ ತೋರ್ಸಿದ್ರಲ್ಲ, ನೋಡ್ಲಿಲ್ವಾ ನೀನು?"

ನೋಡಿದ್ದೆ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಒಳಗೆ ಅಡುಗೆಮನೆಯಲ್ಲಿ ಅವಳ ಸೊಸೆ. ಆರು ತಿಂಗಳ ಬಸುರಿ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8.9 ಅಂತ ಬರೆದಿದೆ, ಅಂದರೆ ರಕ್ತಹೀನತೆ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ ನುಂಗಿದರೆ ವಾಕರಿಕೆ ಅಂತ ಗೂಡಿನಲ್ಲಿ ಇಟ್ಟಿದ್ದಾಳೆ. ಅತ್ತೆ ಹೊರಗೆ ಕೂತು ಕೋಳಿಗೆ ಹಾಕುತ್ತಿದ್ದ ಕಾಳಿನಲ್ಲಿ ಇದ್ದದ್ದೂ ಅದೇ ಕಬ್ಬಿಣಾಂಶ, ಅದೇ ಫೋಲಿಕ್ ಆಮ್ಲ. ಜೊತೆಗೆ ಬಿ12. ನಮ್ಮೂರ ಕೋಳಿಗಳ ರಕ್ತ ಪರೀಕ್ಷೆ ಮಾಡಿಸಿದರೆ ರಾಜ್ಯಕ್ಕೇ ಮೊದಲ ಸ್ಥಾನ ಬರಬಹುದು.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ವಿಟಮಿನ್ ಬೆರೆಸಿ, ಶ್ಯಾವಿಗೆ ಒತ್ತಿದ ಹಾಗೆ ಮಿಷನ್ನಿನಲ್ಲಿ ಒತ್ತಿ, ಅಕ್ಕಿಕಾಳಿನ ಅಳತೆಗೆ ಕತ್ತರಿಸಿ ಒಣಗಿಸಿದ್ದು. ನೂರು ಕೆ.ಜಿ. ಅಕ್ಕಿಗೆ ಅದು ಒಂದು ಕೆ.ಜಿ. ಬೆರೆಸುತ್ತಾರೆ. ಬೆರೆಸಿದ ಮೇಲೆ ಒಂದು ಕೆ.ಜಿ. ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣಾಂಶ ಇರಬೇಕು ಅನ್ನೋದು ನಿಯಮ. ಅಂದರೆ ಇಡೀ ಯೋಜನೆ ನಿಂತಿರೋದು ನೂರರಲ್ಲಿ ಒಂದು ಕಾಳಿನ ಮೇಲೆ. ಆ ಒಂದನ್ನೇ ನಮ್ಮ ದೊಡ್ಡಮ್ಮ ಕನ್ನಡಕ ಕೂಡ ಇಲ್ಲದೆ ಆರಿಸಿ ಎಸೆಯುತ್ತಾಳೆ.

2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪು ಕೋಟೆಯಿಂದ, 2024ರ ಹೊತ್ತಿಗೆ ರೇಷನ್, ಬಿಸಿಯೂಟ ಎಲ್ಲದಕ್ಕೂ ಈ ಅಕ್ಕಿಯೇ ಅಂತ ಹೇಳಿದರು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಅದನ್ನು 2028ರ ಡಿಸೆಂಬರ್‌ವರೆಗೆ ಮುಂದುವರಿಸೋಕೆ 17,082 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಇಷ್ಟು ದುಡ್ಡಿನಲ್ಲಿ ದೊಡ್ಡಮ್ಮನಿಗೆ ಒಂದು ಮಾತು ಹೇಳೋಕೆ ಎಷ್ಟು ಖರ್ಚಾಗುತ್ತಿತ್ತು? ಹೆಬ್ಬೆಟ್ಟು ಒತ್ತುವಾಗ ಅಂಗಡಿಯವನು "ಅಮ್ಮಾ, ಇದರಲ್ಲಿ ಬೇರೆ ಕಾಳು ಇರುತ್ತೆ, ಎಸೀಬೇಡಿ, ರಕ್ತಕ್ಕೆ ಒಳ್ಳೇದು" ಅಂದಿದ್ದರೆ ಮುಗಿಯುತ್ತಿತ್ತು. ಅಂಗಡಿಯವನಿಗೂ ಯಾರೂ ಹೇಳಿಲ್ಲ. ಕೇಳಿದೆ ಅವನನ್ನ. "ನಮಗೇನ್ ಗೊತ್ತು ಮೇಡಂ, ಮೇಲಿಂದ ಬಂದದ್ದು ತೂಗ್ತೀವಿ" ಅಂದ.

ಮೂಟೆ ಮೇಲೆ ಬರೆದಿದೆಯಲ್ಲ ಅಂತೀರಾ? ಬರೆದಿದೆ. ನೀಲಿ ಬಣ್ಣದಲ್ಲಿ ಕೂಡಿಸುವ ಚಿಹ್ನೆ, ಪಕ್ಕದಲ್ಲಿ ಎಫ್. ಆದರೆ ಮೂಟೆ ಉಳಿಯೋದು ಅಂಗಡಿಯಲ್ಲಿ. ದೊಡ್ಡಮ್ಮನಿಗೆ ಬರೋದು ಬಿಡಿ ಅಕ್ಕಿ, ಅವಳದೇ ಹಳೇ ಚೀಲದಲ್ಲಿ. ಆ ಚೀಲದ ಮೇಲೆ ಸೀರೆ ಅಂಗಡಿಯ ಹೆಸರಿದೆ.

ಇನ್ನು ಕನ್ನಡದಲ್ಲಿ ಇದಕ್ಕೆ ಇಟ್ಟಿರೋ ಹೆಸರು "ಸಾರವರ್ಧಿತ ಅಕ್ಕಿ". ನಾನು ಆ ಹೆಸರು ಹೇಳಿದ್ದಕ್ಕೆ ದೊಡ್ಡಮ್ಮ, "ಸಾರಿಗೆ ಹಾಕೋದಾ?" ಅಂದಳು. ಹೆಸರಿಟ್ಟವರು ಒಂದೇ ಒಂದು ಸಲ ಯಾವುದಾದರೂ ಜಗಲಿ ಮೇಲೆ ಅದನ್ನ ಜೋರಾಗಿ ಹೇಳಿ ನೋಡಿದ್ದರೆ ಸಾಕಿತ್ತು.

ತಜ್ಞರೆಲ್ಲ ದಡ್ಡರು ಅಂತ ನಾನು ಹೇಳುತ್ತಿಲ್ಲ. ಕಾಮೆಂಟಿನಲ್ಲಿ ಶುರು ಮಾಡಬೇಡಿ. ಸಮಸ್ಯೆ ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5. ತಜ್ಞರ ನಡುವೆಯೂ ಜಗಳ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ಅನುರಾ ಕುರ್ಪಾಡ್ ಅಂಥವರು, ಬೇಕಾದವರಿಗೂ ಬೇಡದವರಿಗೂ ಒಂದೇ ಅನ್ನದಲ್ಲಿ ಕಬ್ಬಿಣಾಂಶ ತಿನ್ನಿಸೋದು ಸರಿಯಲ್ಲ ಅಂತ ಬಹಿರಂಗವಾಗಿಯೇ ವಾದಿಸಿದ್ದಾರೆ. ಇನ್ನೊಂದು ಕಡೆಯವರು, ಇಷ್ಟು ದೊಡ್ಡ ದೇಶಕ್ಕೆ ಇದೇ ಸುಲಭದ ದಾರಿ ಅಂತಾರೆ. ಜಗಳ ಆಡಲಿ, ಬೇಡ ಅಂದವರ್ಯಾರು. ಯಾರು ಗೆದ್ದರೂ ಆ ಕಾಳು ಹೋಗ್ತಿರೋದು ಕೋಳಿಗೆ.

ನನಗೆ ಇನ್ನೂ ಜಾಸ್ತಿ ಉರಿಯೋದು ಕುಡಗೋಲು ಕಣ ರಕ್ತಹೀನತೆ (ಸಿಕಲ್ ಸೆಲ್) ವಿಷಯದಲ್ಲಿ. ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗೋ, ಹುಟ್ಟಿನಿಂದಲೇ ಬರೋ ಕಾಯಿಲೆ ಅದು. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಈ ಕಾಯಿಲೆ ಇದೆ. ಅದಕ್ಕೆ ಅಂತಲೇ 2023ರಲ್ಲಿ ಶುರುವಾದ ರಾಷ್ಟ್ರೀಯ ಮಿಷನ್ನಿನ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೊದಲು ತಜ್ಞರು, ಈ ಕಾಯಿಲೆ ಇರುವವರು ಕಬ್ಬಿಣಾಂಶ ಬೆರೆಸಿದ ಆಹಾರ ತಿನ್ನಬಾರದು, ಥಲಸ್ಸೀಮಿಯಾ ಅನ್ನೋ ಇನ್ನೊಂದು ಹುಟ್ಟು ರಕ್ತದ ಕಾಯಿಲೆ ಇರುವವರು ವೈದ್ಯರನ್ನ ಕೇಳಿ ತಿನ್ನಬೇಕು ಅಂತ ಪೊಟ್ಟಣದ ಮೇಲೆ ಬರೆಸಿದರು. ಆಮೇಲೆ ಇನ್ನೊಂದು ಸಮಿತಿ ಕೂತು, ಏನೂ ತೊಂದರೆ ಇಲ್ಲ, ಆ ಎಚ್ಚರಿಕೆಯೇ ಬೇಡ ಅಂದಿತು. ತೆಗೆದರು. ಇರಬಹುದು, ಎರಡನೇ ಸಮಿತಿಯೇ ಸರಿ ಇರಬಹುದು. ಆದರೆ ಹಾಡಿಯ ಹೆಣ್ಣುಮಗಳಿಗೆ ಎಚ್ಚರಿಕೆ ಹಾಕಿದ್ದೂ ಗೊತ್ತಾಗಲಿಲ್ಲ, ತೆಗೆದದ್ದೂ ಗೊತ್ತಾಗಲಿಲ್ಲ. ಅವಳಿಗೂ ಬರೋದು ಬಿಡಿ ಅಕ್ಕಿನೇ ಅಲ್ವಾ.

ಒಬ್ಬ ಗೆಳೆಯ ಫೋನಿನಲ್ಲಿ ವಾದಕ್ಕೆ ನಿಂತ. "ಉಪ್ಪಿಗೆ ಅಯೋಡಿನ್ ಹಾಕುವಾಗ ಯಾರ ಅಜ್ಜಿಯನ್ನ ಕೇಳಿದ್ರು? ಗಳಗಂಡ ಕಡಿಮೆ ಆಗಲಿಲ್ವಾ?" ಒಳ್ಳೇ ಪ್ರಶ್ನೆ, ಒಪ್ಪಿದೆ. ಒಂದು ನಿಮಿಷ. ಆಮೇಲೆ ಹೊಳೀತು. ಉಪ್ಪಿನಲ್ಲಿರೋ ಅಯೋಡಿನ್ನನ್ನ ಮೊರದಲ್ಲಿ ಹಾಕಿ ಆರಿಸೋಕಾಗುತ್ತಾ? ಈ ಕಾಳನ್ನ ಆರಿಸಬಹುದು. ಕಲ್ಲು ಆರಿಸಿ ಆರಿಸಿ ಕೈ ಪಳಗಿದ ಹೆಂಗಸರ ಕೈಗೆ, ಆರಿಸೋಕೆ ಬರುವಂಥ ಕಾಳು ಕೊಟ್ಟು, ಆರಿಸಬೇಡಿ ಅಂತ ಹೇಳದೇ ಇದ್ದರೆ ಏನಾಗುತ್ತೆ ಅಂತ ಊಹಿಸೋಕೆ ಪಿಎಚ್‌ಡಿ ಬೇಕಾ? ಗೆಳೆಯ ಫೋನಿಟ್ಟ. ಸೋತು ಇಟ್ಟನಾ, ಮೀಟಿಂಗ್ ಇತ್ತಾ, ಗೊತ್ತಿಲ್ಲ. ನಾನು ಗೆದ್ದೆ ಅಂತಲೇ ಅಂದುಕೊಂಡಿದ್ದೇನೆ.

ಮೊಟ್ಟೆ ಕಥೆ ನೆನಪಿದೆ ತಾನೇ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಸ್ವಾಮೀಜಿಗಳು ಬೇಡ ಅಂದರು. ಗಂಗಾವತಿಯ ಒಬ್ಬ ಹುಡುಗಿ ಕ್ಯಾಮೆರಾ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅನ್ನೋ ಅರ್ಥದಲ್ಲಿ ಝಾಡಿಸಿದಳು. ಅದಾದ ಮೇಲೆ 2022ರಲ್ಲಿ, ರಾಜ್ಯದಿಂದ ಹೊಸ ಶಿಕ್ಷಣ ನೀತಿಗೆ ಹೋದ ಒಂದು ತಜ್ಞರ ವರದಿಯಲ್ಲಿ, ಭಾರತೀಯರ ಮೈಕಟ್ಟು ಚಿಕ್ಕದು, ದಿನಾ ಮೊಟ್ಟೆ, ಮಾಂಸ ತಿಂದರೆ ಜೀವನಶೈಲಿ ಕಾಯಿಲೆ ಬರುತ್ತೆ ಅನ್ನೋ ಮಾತು! ರಾಯಚೂರು, ಯಾದಗಿರಿಯ ಸರ್ಕಾರಿ ಶಾಲೆ ಮಕ್ಕಳಿಗೆ ಜೀವನಶೈಲಿ ಕಾಯಿಲೆಯಂತೆ. ಪಾಪ, ಅವಕ್ಕೆ ಜಿಮ್‌ಗೆ ಹೋಗೋಕೆ ಟೈಮ್ ಸಿಕ್ಕಿರಲ್ಲ. ಆಮೇಲೆ ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗದ ಮಕ್ಕಳನ್ನೂ ಹೋಲಿಸಿದರು. ಯಾದಗಿರಿಯ ಮಕ್ಕಳ ತೂಕ ಚೆನ್ನಾಗಿ ಏರಿತ್ತು. ಆ ಹುಡುಗಿ ಇದನ್ನ ಮೊದಲೇ ಹೇಳಿದ್ದಳಲ್ಲ. ತಿನ್ನೋಳು ಅವಳು, ಅವಳಿಗೆ ಗೊತ್ತಿರುತ್ತೆ.

ಒಳ್ಳೆ ತಜ್ಞರು ಇರಲಿಲ್ಲ ಅಂತೇನಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ "ರಾಗಿ ಲಕ್ಷ್ಮಣಯ್ಯ" ಅಂತಲೇ ಹೆಸರಾದ ವಿಜ್ಞಾನಿ ಇದ್ದರು. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು. ನಮ್ಮ ತಾತ ಅದನ್ನ "ಇಂಡಾಪು" ಅನ್ನುತ್ತಿದ್ದರು. ಯಾರು ಮಾಡಿದ್ದು ಅಂತ ತಾತನಿಗೆ ಗೊತ್ತಿರಲಿಲ್ಲ. ಯಾವಾಗ ಬಿತ್ತಬೇಕು, ತೆನೆ ಹೇಗೆ ಕೂರುತ್ತೆ ಅಂತ ಪಕ್ಕಾ ಗೊತ್ತಿತ್ತು. ಬೀಜದ ಜೊತೆ ಮಾತೂ ಬಂದಿತ್ತು. ಈ ಅಕ್ಕಿಯ ಜೊತೆ ಮಾತು ಬರಲಿಲ್ಲ.

ಈಗ ವಾಟ್ಸಾಪ್ ವಿಷಯ. ನಿಮಗೆಲ್ಲ ಗೊತ್ತಲ್ಲ, ನಾನೂ ಎರಡು ವರ್ಷ ಪೌಷ್ಟಿಕಾಂಶದ "ಸಲಹೆಗಾರ್ತಿ" ಆಗಿದ್ದವಳು. ಕರಪತ್ರ ಬರೆಯೋದು ನನ್ನ ಕೆಲಸ. ರಕ್ತಹೀನತೆಗೆ ಖರ್ಜೂರ, ದಾಳಿಂಬೆ, ಒಣದ್ರಾಕ್ಷಿ ತಿನ್ನಿ ಅಂತ ಬಣ್ಣಬಣ್ಣದ ಚಿತ್ರ ಹಾಕಿ ಬರೆದಿದ್ದೆ. ಒಬ್ಬ ಅಂಗನವಾಡಿ ಟೀಚರ್ ಅದನ್ನ ಪೂರ್ತಿ ಓದಿ, "ಮೇಡಂ, ಇದರಲ್ಲಿ ಸೊಸೈಟಿಯಲ್ಲಿ ಸಿಗೋದು ಯಾವುದು?" ಅಂತ ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ನಾನು ಏನೋ ತೊದಲಿ ಜೀಪು ಹತ್ತಿದೆ.

ಆ ಪ್ಲಾಸ್ಟಿಕ್ ಅಕ್ಕಿ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಾಗ ನಾನು ನೋಡಿದ್ದೆ. ಸುಳ್ಳು ಅಂತ ಗೊತ್ತಿತ್ತು. ನಕ್ಕು, ಸ್ಕ್ರೀನ್‌ಶಾಟ್ ತೆಗೆದು ಓದಿದ ಗೆಳತಿಯರಿಗೆ ಕಳಿಸಿ, ಗ್ರೂಪನ್ನ ಮ್ಯೂಟ್ ಮಾಡಿದೆ. ದೊಡ್ಡಮ್ಮನ ಮೊಮ್ಮಗ ಅದನ್ನ ಅವಳಿಗೆ ತೋರಿಸಿದ್ದು ಅದೇ ಗ್ರೂಪಿನಿಂದ. ಒಂದು ಸಾಲು ಟೈಪ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಇಷ್ಟೊತ್ತು ಬೈದದ್ದರಲ್ಲಿ ನನ್ನ ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಭಾನುವಾರ ಮಾತ್ರ ಜಗಲಿ ಮೇಲೆ ಕೂತು ಪೂರ್ತಿ ಹೇಳಿದೆ. ಹಿಟ್ಟು, ಮಿಷನ್ನು, ಕಬ್ಬಿಣಾಂಶ, ಸೊಸೆಯ 8.9. ದೊಡ್ಡಮ್ಮ ಕಿವಿಗೊಟ್ಟು ಕೇಳಿದಳು.

"ಅಯ್ಯೋ, ಮೊದ್ಲೇ ಹೇಳಬಾರ್ದಿತ್ತಾ? ವರ್ಷಗಟ್ಲೆ ಕೋಳಿಗೆ ಸುರಿದೆನಲ್ಲೇ."

ನಂಬಿದಳು ಅಂತ ಖುಷಿಯಾಯಿತು. ಆ ಖುಷಿಯಲ್ಲಿ ಸುಮ್ಮನಿರದೆ ನನ್ನ ಹಳೇ ಸಲಹೆಗಾರ್ತಿ ಬುದ್ಧಿ ತೋರಿಸಿದೆ. "ಜಾಸ್ತಿ ತೊಳೀಬೇಡ, ಗಂಜಿ ಬಸಿಬೇಡ ದೊಡ್ಡಮ್ಮ, ಸತ್ವ ಹೋಗುತ್ತೆ."

ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಅಕ್ಕಿ ತೊಳೆದ ನೀರಿಲ್ಲ, ಗಂಜಿ ಇಲ್ಲ. ಹಸಾ ಕಲಗಚ್ಚು ಕುಡೀಬೇಕಲ್ಲ, ಏನು ಹಾಕ್ಲಿ?"

ನಾನು ಎದ್ದು ಒಳಗೆ ಹೋದೆ, ಮುದ್ದೆ ತಿರುವೋಕೆ.