ಸತ್ಯಾಂಶ: ಸಾತ್‌ಬಾರಾದಲ್ಲಿ ಹೆಸರು ಬಂದರೆ ಸಾಕೇ?

ಪುಣೆ ಬಳಿಯ ಮುಳಶಿ ಕಡೆಯ ಹುಲ್ಲುಗಾವಲನ್ನು ಯಾರು ಬೇಕಾದರೂ ಕೊಂಡು ಬಡಾವಣೆ ಮಾಡಬಹುದು, ಸಾತ್‌ಬಾರಾದಲ್ಲಿ (ಮಹಾರಾಷ್ಟ್ರದ 7/12 ಜಮೀನು ದಾಖಲೆ) ಹೆಸರು ಬಂದರೆ ಸಾಕು ಎಂಬ ಸಂದೇಶ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ, ಇದು ನಿಜವಲ್ಲ. ಕರ್ನಾಟಕವು 2020ರಲ್ಲಿ ತನ್ನ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕೈಬಿಟ್ಟು ಕೃಷಿಕರಲ್ಲದವರಿಗೂ ಹೊಲ ಕೊಳ್ಳಲು ಅವಕಾಶ ಕೊಟ್ಟಿದ್ದೇ ಬಹುಶಃ ಈ ಗೊಂದಲದ ಮೂಲ. ಮಹಾರಾಷ್ಟ್ರದಲ್ಲಿ 1948ರ ಗೇಣಿ ಕಾಯ್ದೆಯ 63ನೇ ಕಲಮಿನಂತೆ ಕೃಷಿಕರಲ್ಲದವರು ಹೊಲ ಕೊಳ್ಳಲು ಸಾಮಾನ್ಯವಾಗಿ ಜಿಲ್ಲಾಧಿಕಾರಿಯ ಅನುಮತಿ ಬೇಕು. ಸಾತ್‌ಬಾರಾ ನಮ್ಮ ಪಹಣಿಯಂತೆ ಕಂದಾಯದ ದಾಖಲೆಯೇ ಹೊರತು ಮಾಲೀಕತ್ವದ ಅಂತಿಮ ಪುರಾವೆಯಲ್ಲ. ಅದರ ಏಳನೇ ನಮೂನೆ ಭೂಧಾರಕರನ್ನೂ ಹನ್ನೆರಡನೆಯದು ಬೆಳೆಯನ್ನೂ ತೋರಿಸುತ್ತದೆ. ಅದರಲ್ಲಿ ‘ಗಾಯರಾನ್’ ಎಂದಿದ್ದರೆ ಅದು ಊರ ಗೋಮಾಳ, ಖಾಸಗಿಯವರು ಮಾರುವಂತಿಲ್ಲ. ಇಂತಹ ಸಾಮುದಾಯಿಕ ಭೂಮಿಯ ಒತ್ತುವರಿ ತೆರವಿಗೆ ಸುಪ್ರೀಂ ಕೋರ್ಟ್ 2011ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಇನ್ನು ಜಮೀನು ಮಾರುವವರು ಹೇಳುವ ‘ಅಭಿವೃದ್ಧಿಗೆ ಅವಕಾಶವಿದೆ’ ಎಂಬುದು ಜಾಹೀರಾತಿನ ಮಾತು, ಕೃಷಿಯೇತರ ಬಳಕೆಯ ಅನುಮತಿಯಲ್ಲ.