ಸದರಿ ಸ್ಥಳದಲ್ಲಿ ನಗು ಕಂಡುಬಂದಿರುವುದಿಲ್ಲ

ನಮ್ಮ ಕಡೆ ಕೊನೆಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಜಗಲಿಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆಯುತ್ತದೆ. ಸುಲಿಯುವವರಿಗೆ ನಿದ್ದೆ ಬರಬಾರದು. ಅದಕ್ಕೆ ಟೀವಿ ಬೇಕು. ಈ ಸಲ ಬೆಂಗಳೂರಿನಿಂದ ಬಂದಿದ್ದ ತಮ್ಮನ ಮಗ ಧಾರಾವಾಹಿ ಆಫ್ ಮಾಡಿ, ಲ್ಯಾಪ್‌ಟಾಪ್ ಸಿಕ್ಕಿಸಿ, "ಇವತ್ತು ನಕ್ಕು ನಕ್ಕು ಸಾಯ್ತೀರ ನೋಡಿ" ಎಂದ. ಮೆಟ್ಟುಗತ್ತಿ ಇದ್ದ ಜಾಗದಲ್ಲಿ ಹಾಗೆಲ್ಲ ಹೇಳಬಾರದು. ಆದರೂ ಹೇಳಿದ.

ಅವನು ಹಾಕಿದ್ದು 1988ರ 'ದಿ ನೇಕೆಡ್ ಗನ್'. ಲಾಸ್ ಏಂಜಲೀಸಿನ ಫ್ರಾಂಕ್ ಡ್ರೆಬಿನ್ ಎಂಬ ಪೊಲೀಸ್ ಪತ್ತೇದಾರನ ಕಥೆ. ಇವನು ಮುಟ್ಟಿದ್ದೆಲ್ಲ ಹಾಳು. ಕಾರು ನಿಲ್ಲಿಸಲು ಹೋದರೆ ಏನಾದರೊಂದನ್ನು ಗುದ್ದುತ್ತಾನೆ. ಮೇಯರ್ ಇರುವ ಸಭೆಯಲ್ಲಿ ಅಂಗಿಗೆ ಮೈಕ್ ಸಿಕ್ಕಿಸಿಕೊಂಡವನು ಅದನ್ನು ಆಫ್ ಮಾಡದೆ ಬಚ್ಚಲಿಗೆ ಹೋಗುತ್ತಾನೆ. ಅಲ್ಲಿನ ಸದ್ದೆಲ್ಲ ಸಭೆಗೆ ಕೇಳುತ್ತದೆ. ಖಳನ ಕಚೇರಿಗೆ ಕದ್ದು ನುಗ್ಗಿ ಸಾಕ್ಷಿ ಹುಡುಕುವಾಗ ಆ ಕೋಣೆಗೇ ಬೆಂಕಿ ಬೀಳುತ್ತದೆ. ಇಂಗ್ಲೆಂಡಿನ ರಾಣಿಯನ್ನು ಕಾಪಾಡುತ್ತೇನೆಂದು ಹಾರಿ, ಅವರ ಮೇಲೇ ಬಿದ್ದು, ಉದ್ದನೆಯ ಊಟದ ಮೇಜಿನ ಮೇಲೆ ಅವರ ಜೊತೆ ಜಾರಿಕೊಂಡು ಹೋಗುತ್ತಾನೆ.

ಹುಡುಗ ಹೊಟ್ಟೆ ಹಿಡಿದುಕೊಂಡು ನಗುತ್ತ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದ. ಜಗಲಿಯಲ್ಲಿ ಹನ್ನೆರಡು ಜನ. ಒಬ್ಬರೂ ನಗಲಿಲ್ಲ. ಕೈ ಮಾತ್ರ ಸರಸರ ಓಡುತ್ತಿತ್ತು. ಕೂಲಿ ಡಬ್ಬದ ಲೆಕ್ಕ ಅಲ್ವಾ.

ಎಪ್ಪತ್ತೆಂಟರ ನಮ್ಮ ದೊಡ್ಡಪ್ಪ ಬಾಯಲ್ಲಿದ್ದ ಎಲೆಯಡಿಕೆಯ ಕವಳ ಒಂದು ಕಡೆಗೆ ಒತ್ತಿಕೊಂಡು ಕೇಳಿದರು. "ಇದರಲ್ಲಿ ನಗೋದು ಏನಿದೆ ಮಾರಾಯ? ಪಾಪ, ಅವನ ಡ್ಯೂಟಿ ಅವನು ಮಾಡ್ತಾ ಇದಾನೆ."

ಹುಡುಗನಿಗೆ ಬೇಜಾರಾಯಿತು. ತಪ್ಪು ಅವನದಲ್ಲ. 2024ರ ಮಳೆಗಾಲದಲ್ಲಿ ಅವನು ಊರಲ್ಲಿ ಇರಲಿಲ್ಲ.

ಆ ವರ್ಷ ಜುಲೈ 1ರಂದು ದೇಶಕ್ಕೆ ಹೊಸ ಅಪರಾಧ ಕಾನೂನು ಬಂತು. ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆಯಾಯಿತು. ಮನೆಯೊಳಗಿನ ಕಳ್ಳತನ 380 ಇದ್ದದ್ದು 305 ಆಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಆಶ್ಲೇಷ ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ, ನಮ್ಮ ಮನೆಗೆ ಕಳ್ಳ ಬಂದ. ರೇಟು ಏರಲಿ ಎಂದು ದೊಡ್ಡಪ್ಪ ಅಟ್ಟದ ಮೇಲೆ ಇಟ್ಟಿದ್ದ ಐದು ಚೀಲ ರಾಶಿ ಅಡಿಕೆಯಲ್ಲಿ ಎರಡು ಚೀಲ ಹೋಯಿತು. ಮೂರು ಯಾಕೆ ಬಿಟ್ಟ ಅಂತ ಇವತ್ತಿಗೂ ಗೊತ್ತಿಲ್ಲ. ಮಳೆಯಲ್ಲಿ ಹೊರಲು ಆಗಲಿಲ್ಲವೇನೋ, ಪಾಪ.

ಬೆಳಿಗ್ಗೆ ಸ್ಟೇಷನ್ನಿಗೆ ಫೋನ್ ಮಾಡಿದೆವು. ಇಲ್ಲೊಂದು ತೊಡಕಿದೆ. ನಮ್ಮ ಮನೆಯ ಬಗಲಲ್ಲೇ ಒಂದು ಹಳ್ಳ. ಹಳ್ಳದ ಈಚೆಗೆ ಒಂದು ಸ್ಟೇಷನ್ನಿನ ಹದ್ದು, ಆಚೆಗೆ ಇನ್ನೊಂದರ ಹದ್ದು. ಕಳ್ಳ ಸಂಕ ದಾಟಿ ಆಚೆಗೆ ಹೋದದ್ದಕ್ಕೆ ಕೆಸರಲ್ಲಿ ಗುರುತಿತ್ತು. ಈಚೆಯವರು ಹೇಳಿದರು, "ಅಡಿಕೆ ಹೋಗಿರೋದು ಆಚೆ ಕಡೆಗೆ. ಅಲ್ಲಿ ಹೇಳಿ." ಆಚೆಯವರು ಹೇಳಿದರು, "ಅಡಿಕೆ ನಮ್ಮ ಕಡೆ ಬಂದಿರಬಹುದು ಗೌಡ್ರೆ. ಕಳ್ಳತನ ಬಂದಿಲ್ವಲ್ಲ."

ಯಾವ ಹದ್ದಿನಲ್ಲಿ ನಡೆದದ್ದಾದರೂ ದೂರು ಬರೆದುಕೊಳ್ಳಬೇಕು ಅಂತ, ಸಿಆರ್‌ಪಿಸಿ ಹೋಗಿ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದೆ. ಅದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ. ಮೂರು ದಿನ ಓಡಾಡಿದ ಮೇಲೆ ನಮಗೆ ಅದರಲ್ಲಿ ಮೊದಲರ್ಧ ಸಿಕ್ಕಿತು.

ನಾಲ್ಕನೇ ದಿನ ಜೀಪು ಬಂತು. ಎಎಸ್‌ಐ ಸಾಹೇಬರು, ಇಬ್ಬರು ಪೇದೆಗಳು, ಜೊತೆಗೆ ಪಂಚರು. ಜಪ್ತಿಗೆ ಸಾಕ್ಷಿಯಾಗುವ ಪಂಚರು ಅದೇ ಊರಿನ ಗೌರವಸ್ಥರಾಗಿರಬೇಕು, ಯಾರ ಕಡೆಯವರೂ ಆಗಿರಬಾರದು ಎನ್ನುವುದು ಬ್ರಿಟಿಷರ ಕಾಲದಿಂದ ಬಂದ ಮಾತು. ಜೀಪಿನಿಂದ ಇಳಿದ ಗೌರವಸ್ಥರು ಸ್ಟೇಷನ್ ಎದುರಿನ ಹೋಟೆಲಿನ ಯಜಮಾನರು. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ನಾಟಾ ಕಳ್ಳಸಾಗಣೆ ಇರಲಿ, ಗಂಧದ ಮರ ಇರಲಿ, ಇಸ್ಪೀಟ್ ಅಡ್ಡೆ ಇರಲಿ, ನಮ್ಮ ಸೀಮೆಯ ಅಷ್ಟೂ ಅಪರಾಧಗಳು ಅವರ ಕಣ್ಣೆದುರಿಗೇ ನಡೆದಿವೆ. ಇಷ್ಟೆಲ್ಲ ನೋಡಿಯೂ ಅವರ ಗೋಳಿಬಜೆಯ ರುಚಿ ಕೆಟ್ಟಿಲ್ಲ.

"ಸಹಿ ಮೊದಲೇ ಹಾಕಿಬಿಡ್ತೇನೆ ಸಾರ್, ಒಲೆ ಮೇಲೆ ಹಾಲಿಟ್ಟು ಬಂದಿದೇನೆ" ಎಂದರು. ಖಾಲಿ ಹಾಳೆಯ ಕೆಳಗೆ ಎರಡು ಕಡೆ ಸಹಿ ಹಾಕಿ ಕವಳಕ್ಕೆ ಕೂತರು.

ಅಟ್ಟ ಹತ್ತುವಾಗ ಒಬ್ಬ ಪೇದೆಯ ತಲೆ ತೊಲೆಗೆ ಹೊಡೆಯಿತು. ಒಂದು ಕಡೆ ಮಡಚಿದ ಆ ಸ್ಲೋಚ್ ಹ್ಯಾಟು ಉರುಳಿ ಕೆಳಗಿದ್ದ ಮಜ್ಜಿಗೆ ಪಾತ್ರೆಗೆ ಬಿತ್ತು. ಯಾರೂ ನಗಲಿಲ್ಲ. ಹಿಂದಿನ ರಾತ್ರಿಯಿಡೀ ಬಂದೋಬಸ್ತು ಮಾಡಿ ಬಂದ ಹುಡುಗ ಅವನು. ಅವನಿಗೆ ತಲೆ ಮುಟ್ಟಿ ನೋಡಿಕೊಳ್ಳುವಷ್ಟೂ ಪುರುಸೊತ್ತಿರಲಿಲ್ಲ. (2025ರಲ್ಲಿ ಆ ಹ್ಯಾಟು ಹೋಗಿ ಪೇದೆಗಳಿಗೆ ನೀಲಿ ಪೀಕ್ ಕ್ಯಾಪ್ ಬಂತು. ನಮ್ಮ ತೊಲೆ ಇದ್ದಲ್ಲೇ ಇದೆ.)

ಆಮೇಲೆ ವಿಡಿಯೊ. ಅದೇ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ಆದಷ್ಟೂ ಮೊಬೈಲಿನಲ್ಲೇ ಚಿತ್ರೀಕರಿಸಬೇಕು. ಅದಕ್ಕೆ ಇ-ಸಾಕ್ಷ್ಯ ಅಂತ ಆ್ಯಪ್ ಇದೆ. ಒಳ್ಳೆಯ ಯೋಚನೆ. ಪೇದೆ ಖಾಲಿ ಜಾಗವನ್ನು ಚಿತ್ರೀಕರಿಸಿದ. ಕಳ್ಳ ಬಿಟ್ಟುಹೋಗಿದ್ದ ಸುತಲಿ ಹಗ್ಗದ ತುಂಡನ್ನು ಚಿತ್ರೀಕರಿಸಿದ. ಸಾಹೇಬರು ಅದನ್ನು ಜಪ್ತಿ ಮಾಡುವುದನ್ನು ಚಿತ್ರೀಕರಿಸಿದ. ಕೊನೆಗೆ ತನಿಖೆ ಮಾಡಿದವರು ಒಂದು ಸೆಲ್ಫಿ ಹಾಕಬೇಕಂತೆ. ಸಾಹೇಬರು ಅಟ್ಟದ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಸೆಲ್ಫಿ ತೆಗೆದರು. ಎರಡನೇ ಸಲ ಚೆನ್ನಾಗಿ ಬಂತು.

ಇನ್ನು ಅಪ್‌ಲೋಡ್. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಎರಡೇ ಕಡೆ. ಶಾಲೆಯ ಹಿಂದಿನ ಧರೆ ಹತ್ತಬೇಕು, ಇಲ್ಲವೇ ಭೂತನ ಬನದ ಹತ್ತಿರದ ಹಲಸಿನ ಮರದ ಬುಡಕ್ಕೆ ಹೋಗಬೇಕು. ಮಳೆ ಬಂದರೆ ಎರಡೂ ಇಲ್ಲ. ಇಡೀ ಪೊಲೀಸ್ ತಂಡ, ಕೊಡೆ ಹಿಡಿದ ನಾನು, ದಾರಿ ತೋರಿಸಲು ದೊಡ್ಡಪ್ಪ, ಸಾಲಾಗಿ ಗುಡ್ಡ ಹತ್ತಿದೆವು. ಫೋನನ್ನು ಎತ್ತಿ ಹಿಡಿದು ಪೇದೆ ಮರದ ಸುತ್ತ ಪ್ರದಕ್ಷಿಣೆ ಬಂದ. ಗದ್ದೆಯಲ್ಲಿದ್ದವರು ಯಾವುದೋ ಹರಕೆ ಇರಬೇಕು ಅಂದುಕೊಂಡು ಅಲ್ಲಿಂದಲೇ ಕೈ ಮುಗಿದರು. ಎಲ್ಲರ ಕಾಲಿಗೂ ಉಂಬಳ ಹತ್ತಿತ್ತು. ವಿಡಿಯೊ ಹತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲ. ಪಕ್ಕದೂರಿನ ದೊಡ್ಡ ಕಳ್ಳತನಕ್ಕೆ ಶಿವಮೊಗ್ಗದಿಂದ ನಾಯಿ ಬಂದಿತ್ತು. ಹೋಗುವ ದಾರಿಯಲ್ಲಿ ನಮ್ಮಲ್ಲೂ ಇಳಿಯಿತು. ಚೆಂದದ ನಾಯಿ. ಶಿಸ್ತು ಅಂದರೆ ಶಿಸ್ತು. ಉಳಿದಿದ್ದ ಅಡಿಕೆ ಚೀಲವನ್ನು ಮೂಸಿಸಿ ಬಿಟ್ಟರು. ಅದು ಸೀದಾ ಹೋಗಿ ದೊಡ್ಡಪ್ಪನ ಎದುರು ಕೂತಿತು. ಎಬ್ಬಿಸಿ ಮತ್ತೆ ಬಿಟ್ಟರು. ಪಂಚರ ಎದುರು ಕೂತಿತು. ಮತ್ತೆ ಬಿಟ್ಟರು. ಕೊಟ್ಟಿಗೆ ಕೆಲಸದವನ ಎದುರು, ಪಕ್ಕದ ಮನೆಯ ಭಾವನ ಎದುರು, ಕೊನೆಗೆ ಎಎಸ್‌ಐ ಸಾಹೇಬರ ಎದುರೂ ಕೂತಿತು. ನಾಯಿಯ ತಪ್ಪೇನೂ ಇಲ್ಲ. ಮಲೆನಾಡಿನಲ್ಲಿ ಅಡಿಕೆ ವಾಸನೆ ಇಲ್ಲದ ಗಂಡಸನ್ನು ಎಲ್ಲಿಂದ ತರುವುದು? ಅಲ್ಲಿದ್ದವರಲ್ಲಿ ಅದು ಬಿಟ್ಟಿದ್ದು ನನ್ನೊಬ್ಬನನ್ನೇ. ಅಲ್ಸರ್ ಆದ ಮೇಲೆ ನಾನು ಕವಳ ಬಿಟ್ಟಿದ್ದೇನೆ. ಸಾಹೇಬರಿಗೆ ಅದೇ ಅನುಮಾನಕ್ಕೆ ಕಾರಣವಾಗಿ, ನನ್ನನ್ನು ಮುಕ್ಕಾಲು ಗಂಟೆ ಬೇರೆ ಕೂರಿಸಿ ವಿಚಾರಿಸಿದರು.

ಸಂಜೆ ಮಹಜರು ಬರೆದು ಓದಿದರು. ನನಗೆ ಇವತ್ತಿಗೂ ಬಾಯಿಪಾಠ ಇದೆ.

"ಸದರಿ ಮನೆಯು ಪೂರ್ವಾಭಿಮುಖವಾಗಿದ್ದು ಹೆಂಚಿನ ಛಾವಣಿ ಹೊಂದಿರುತ್ತದೆ. ಚಕ್ಕುಬಂದಿ: ಪೂರ್ವಕ್ಕೆ ಅಂಗಳ, ಪಶ್ಚಿಮಕ್ಕೆ ಗುಡ್ಡ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಮಳೆಯ ಕಾರಣ ಏನೂ ಕಂಡುಬಂದಿರುವುದಿಲ್ಲ. ಪಂಚರ ಸಮಕ್ಷಮ ಅಟ್ಟವನ್ನು ಪರಿಶೀಲಿಸಲಾಗಿ, ಕಳುವಾಗದ ಮೂರು ಚೀಲಗಳು ಹಾಜರಿದ್ದು, ಕಳುವಾದ ಎರಡು ಚೀಲಗಳು ಸ್ಥಳದಲ್ಲಿ ಇರುವುದಿಲ್ಲ. ಕಳ್ಳನು ಸಹ ಸ್ಥಳದಲ್ಲಿ ಇರುವುದಿಲ್ಲ."

ಒಂದು ಅಕ್ಷರವೂ ಸುಳ್ಳಲ್ಲ ನೋಡಿ.

ಡ್ರೆಬಿನ್ ಪಾತ್ರ ಮಾಡಿದ ಲೆಸ್ಲಿ ನೀಲ್ಸನ್‌ ಅವರ ಗುಟ್ಟೂ ಇದೇ. ಅವರು ಕೆನಡಾದವರು. ಮೂವತ್ತು ವರ್ಷ ಗಂಭೀರ ಪಾತ್ರಗಳನ್ನೇ ಮಾಡಿದವರು. 1980ರ 'ಏರ್‌ಪ್ಲೇನ್!' ಚಿತ್ರದಲ್ಲಿ ಅದೇ ಗಂಭೀರ ಮುಖ ಇಟ್ಟುಕೊಂಡು ಹುಚ್ಚು ಮಾತು ಆಡಿದ ಮೇಲೆ ಜಗತ್ತಿಗೆ ನಗಿಸುವವರಾಗಿ ಕಂಡರು. ಎಷ್ಟು ಎಡವಿದರೂ ಅವರ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ಎದುರಿಗಿರುವ ಪಾತ್ರಗಳೂ ನಗುವುದಿಲ್ಲ. ಎಲ್ಲರೂ ಇದು ಸಹಜ ಎನ್ನುವ ಹಾಗೆ ಇರುತ್ತಾರೆ. ನೀಲ್ಸನ್‌ ಅವರ ತಂದೆ ನಿಜವಾದ ಪೊಲೀಸ್, ಕೆನಡಾದ ಮೌಂಟೆಡ್ ಪೊಲೀಸ್ ಪಡೆಯವರು. ಅಣ್ಣ ಆ ದೇಶದ ಉಪಪ್ರಧಾನಿಯಾಗಿದ್ದವರು. ಪೊಲೀಸ್ ಮತ್ತು ಸರ್ಕಾರ ಎರಡೂ ಮನೆಯಲ್ಲೇ ಇದ್ದರೆ ಅಭ್ಯಾಸಕ್ಕೆ ಹೊರಗೆ ಹೋಗಬೇಕಾಗಿಲ್ಲ.

ನಮ್ಮ ದೇಶದಲ್ಲೂ ಆ ಮುಖಕ್ಕೆ ಬರ ಇಲ್ಲ. 2023ರ ಮೇ ತಿಂಗಳಲ್ಲಿ ಮುಂಬೈ ಪೊಲೀಸರು ಗೂಢಚಾರಿಕೆಯ ಅನುಮಾನದ ಮೇಲೆ ಒಂದು ಪಾರಿವಾಳ ಹಿಡಿದರು. ಅದು ತೈವಾನಿನ ಪಂದ್ಯದ ಹಕ್ಕಿ ಎಂದು ತಿಳಿದು, ಬಿಡುಗಡೆಯಾಗಲು 8 ತಿಂಗಳು ಬೇಕಾಯಿತು. 2022ರಲ್ಲಿ ಮಥುರಾದ ಪೊಲೀಸರು, ಜಪ್ತಿ ಮಾಡಿ ಇಟ್ಟಿದ್ದ 500 ಕಿಲೋಗೂ ಹೆಚ್ಚು ಗಾಂಜಾವನ್ನು ಇಲಿ ತಿಂದವು ಎಂದು ಕೋರ್ಟಿಗೆ ಹೇಳಿದರು. ಹಾಗೆ ಹೇಳುವಾಗ ಅವರೂ ನಕ್ಕಿರಲಾರರು. ಆ ಇಲಿಗಳು ಮಾತ್ರ ಒಂದು ವಾರ ನಕ್ಕಿರಬೇಕು.

ಇಲಿಯ ಮಾತು ಸುಮ್ನೆ ಎತ್ತಲಿಲ್ಲ. ನಮ್ಮ ಅಡಿಕೆ ಸಿಕ್ಕಿತು! ಪತ್ತೆ ಮಾಡಿದ್ದು ಪೊಲೀಸರಲ್ಲ, ನಾಯಿಯೂ ಅಲ್ಲ. ಚೀಲದ ಮೇಲೆ ದೊಡ್ಡಪ್ಪ ಕೆಂಪು ಬಣ್ಣದಲ್ಲಿ ಬರೆದಿದ್ದ ಗುರುತನ್ನು ಅಡಿಕೆ ಮಂಡಿಯಲ್ಲಿ ಗುಮಾಸ್ತರೊಬ್ಬರು ಗುರುತು ಹಿಡಿದರು. ಕಳ್ಳ ಅದನ್ನು ಅಳಿಸುವ ಕಷ್ಟ ತೆಗೆದುಕೊಂಡಿರಲಿಲ್ಲ. ಡ್ರೆಬಿನ್ನನ ಕಳ್ಳರೂ ಹೀಗೇ, ತನಿಖೆಯ ಮಟ್ಟಕ್ಕೆ ತಕ್ಕ ಹಾಗೆ ಇರುತ್ತಾರೆ. ಪತ್ರಿಕೆಗೆ ಫೋಟೊ ಬಂತು. ಮುಂದೆ ಎರಡು ಚೀಲ ಅಡಿಕೆ, ಹಿಂದೆ ಒಂಬತ್ತು ಪೊಲೀಸರು, ನಡುವೆ ಮುಖಕ್ಕೆ ಬಟ್ಟೆ ಕಟ್ಟಿದ ಒಬ್ಬ ಬಡಕಲು ಆಸಾಮಿ. ನಾವು ಫೋಟೊದಲ್ಲಿ ಇರಲಿಲ್ಲ.

ಅಡಿಕೆ ಮುದ್ದೆಮಾಲು ಆಯಿತು. ಮುದ್ದೆಮಾಲು ಎಂದರೆ, ಕಳ್ಳನ ಕೈಯಿಂದ ಬಿಡಿಸಿಕೊಂಡು ನಿಮ್ಮ ಕೈಗೂ ಕೊಡದ ವಸ್ತು. ಕೋರ್ಟಿಗೆ ಅರ್ಜಿ ಹಾಕಿ, ಬಾಂಡು ಬರೆದುಕೊಟ್ಟು ಬಿಡಿಸಿಕೊಳ್ಳಲು ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಸ್ಟೇಷನ್ನಿನ ಸೋರುವ ಕೋಣೆಯಲ್ಲಿ ಅಡಿಕೆಗೆ ಬೂಷ್ಟು ಬಂದಿತ್ತು. ಥಂಡಿಗೆ ಅಡಿಕೆ ತೂಕ ಜಾಸ್ತಿ ಆಗಬೇಕು. ನಮ್ಮದು ಕಮ್ಮಿಯಾಗಿತ್ತು. ದೊಡ್ಡಪ್ಪ ಮೆಲ್ಲಗೆ ಕೇಳಿದರು. "ಇಲಿ ಗೌಡ್ರೆ" ಎಂದರು ಸ್ಟೇಷನ್ನಿನ ಬರಹಗಾರರು. ಹೇಳುವಾಗ ಅವರ ಬಾಯಿ ಕೆಂಪಗಿತ್ತು.

ಕೇಸು ಈಗಲೂ ನಡೆಯುತ್ತಿದೆ. ಹೋದ ವಾಯಿದೆಯಲ್ಲಿ ಹೋಟೆಲಿನ ಯಜಮಾನರು ಕಟಕಟೆಗೆ ಬಂದರು. ಸಹಿ ತನ್ನದೇ, ಮಹಜರು ಓದಿಲ್ಲ, ಆ ಮನೆಯನ್ನೇ ನೋಡಿಲ್ಲ ಎಂದರು. ಹೊರಗೆ ಬಂದು ದೊಡ್ಡಪ್ಪನಿಗೆ ಚಹ ಕೊಡಿಸಿದರು. "ನಿಮ್ಮನೆ ಕವಳ ಮರೆಯೋಕಾಗಲ್ಲ" ಎಂದೂ ಹೇಳಿದರು.

ಡ್ರೆಬಿನ್ ಮೊದಲು ಬಂದದ್ದು ಟೀವಿಯಲ್ಲಿ, 1982ರಲ್ಲಿ. 'ಪೊಲೀಸ್ ಸ್ಕ್ವಾಡ್!' ಎಂಬ ಆ ಸರಣಿಯನ್ನು ಚಾನೆಲ್ಲಿನವರು ಆರೇ ಕಂತಿಗೆ ನಿಲ್ಲಿಸಿದರು. ನಮ್ಮದು ಹದಿನಾಲ್ಕು ವಾಯಿದೆ ದಾಟಿದೆ, ನಿಲ್ಲಿಸುವ ಸುದ್ದಿಯೇ ಇಲ್ಲ. 2025ರಲ್ಲಿ ಹೊಸ ಚಿತ್ರವೂ ಬಂದಿದೆ ಅಂತ ಹುಡುಗ ಹೇಳಿದ. ಲಿಯಾಮ್ ನೀಸನ್ ನಾಯಕ. ಪಾತ್ರ ಡ್ರೆಬಿನ್ನನ ಮಗ, ಅವನೂ ಪೊಲೀಸ್. "ಅನುಕಂಪದ ನೇಮಕಾತಿ ಇರಬೇಕು" ಎಂದರು ದೊಡ್ಡಪ್ಪ, ಒಪ್ಪಿಗೆಯಿಂದ ತಲೆಯಾಡಿಸುತ್ತ.

ಅಷ್ಟರಲ್ಲಿ ಟೀವಿಯಲ್ಲಿ ಚಿತ್ರ ಕೊನೆಗೆ ಬಂದಿತ್ತು. ಬೇಸ್‌ಬಾಲ್ ಮೈದಾನದಲ್ಲಿ ರಾಣಿ ಬದುಕುತ್ತಾರೆ. ಖಳ ಮೇಲಿನಿಂದ ಬಿದ್ದು ಸಾಯುತ್ತಾನೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

"ಮುಗೀತಾ?" ಎಂದರು ದೊಡ್ಡಪ್ಪ.

"ಮುಗೀತು ಅಜ್ಜ. ಕೇಸ್ ಕ್ಲೋಸ್."

"ಎಷ್ಟು ಹೊತ್ತಾಯ್ತು?"

ಹುಡುಗ ನೋಡಿ ಹೇಳಿದ. "ಎಂಬತ್ತೈದು ನಿಮಿಷ."

ದೊಡ್ಡಪ್ಪ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಎಂಬತ್ತೈದು ನಿಮಿಷಕ್ಕೆ ಕೇಸ್ ಮುಗಿಸಿದ್ನಂತೆ ಕಣ್ರೇ!" ಎಂದು ಸುಲಿಯುವವರ ಕಡೆ ತಿರುಗಿದರು. ಹನ್ನೆರಡು ಮೆಟ್ಟುಗತ್ತಿಗಳೂ ಒಮ್ಮೆಗೇ ನಿಂತವು. ಇಡೀ ಜಗಲಿ ಗೊಳ್ಳೆಂದು ನಗತೊಡಗಿತು. ದೊಡ್ಡಪ್ಪನಿಗೆ ಕವಳ ನೆತ್ತಿಗೇರಿ, ಕಣ್ಣಲ್ಲಿ ನೀರು ಬಂದು, ನಾನು ನೀರು ತರಲು ಒಳಗೆ ಓಡಬೇಕಾಯಿತು.